ಗೇಟಿನಾಚೆಯ ಗಿಮ್ಲೆಟ್

ಬಾಟಲಿಯ ಕತ್ತಿನೊಳಗೆ, ಮುಚ್ಚಳದಿಂದ ಒಂದು ಬೆರಳು ಕೆಳಗೆ, ತೆಳು ಹಳದಿ ಬಳೆಯಂಥ ಗೆರೆ ಕಟ್ಟಿಕೊಂಡಿರುತ್ತದೆ. ಬಾಟಲಿಯನ್ನು ಅಲ್ಲಾಡಿಸಿದರೆ ಕರಗಿದಂತೆ ಕಾಣುತ್ತದೆ. ಮೇಜಿನ ಮೇಲಿಟ್ಟು ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಅಲ್ಲೇ ಇರುತ್ತದೆ. ನಿಂಬೆಸಿಪ್ಪೆಯ ಎಣ್ಣೆ ಸಕ್ಕರೆಪಾಕದ ಸಹವಾಸ ಬಿಟ್ಟು ಮೇಲೆ ಬಂದಿದೆ ಎಂದು ಅದರ ಅರ್ಥ. ಅಂಥ ಬಾಟಲಿ ಇನ್ನೂ ಕೆಟ್ಟಿರುವುದಿಲ್ಲ, ಆದರೆ ಕೆಡುವ ದಾರಿ ಹಿಡಿದಿರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವಾರ ಗಿರಿಜಾ ಮೇಡಂ ಒಂದು ಸಾಲು ಬಾಟಲಿ ನನ್ನ ಮುಂದಿಟ್ಟು, "ಇದ್ರಲ್ಲಿ ಯಾವ್ದು ಹಾಳಾಗಿದೆ ಹೇಳು" ಎಂದರು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳು. ಹುಳಿ ಅಳೆಯುವ ಮೀಟರ್ ತೆಗೆದುಕೊಂಡು ಮೊದಲ ಬಾಟಲಿಯ ಮುಚ್ಚಳಕ್ಕೆ ಕೈಹಾಕಿದೆ.

"ಮೀಟ್ರು ಎಲ್ಲೂ ಓಡೋಗಲ್ಲ. ಮೊದ್ಲು ಕಣ್ಣು ಬಿಟ್ಟು ನೋಡಮ್ಮ," ಎಂದರು. ನೋಡಿದೆ. ಬಳೆ ಕಾಣಿಸಲಿಲ್ಲ. ಅವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಕಾಣಿಸಿತು.

ತುಮಕೂರಿನ ಹತ್ತಿರದ ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಒಂಬತ್ತು ವರ್ಷ ರುಚಿ ನೋಡುವ ಕೆಲಸ ಮಾಡಿದೆ. ಶರಬತ್ತು, ಸ್ಕ್ವಾಷ್, ಪಾನಕದ ಗಟ್ಟಿಪಾಕ, ಕೊನೆಯ ವರ್ಷ ನಿಂಬೆ ಕಾರ್ಡಿಯಲ್. ನಿಂಬೆರಸ, ಸಿಪ್ಪೆ ಮತ್ತು ಸಕ್ಕರೆ ಸೇರಿಸಿ ಬಹುಕಾಲ ಕೆಡದಂತೆ ಮಾಡಿದ ಪಾಕವೇ ಕಾರ್ಡಿಯಲ್. ಮೂವತ್ತಮೂರನೆಯ ವಯಸ್ಸಿಗೆ ನನ್ನ ಮೂಗಿಗೆ ವಾಸನೆ ತಿಳಿಯುವುದು ನಿಂತಿತು. ಅದರೊಂದಿಗೆ ಕೆಲಸವೂ ನಿಂತಿತು. ಈಗ ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. "ಕೆಲಸ ಹೆಂಗಿರತ್ತೆ ಮೇಡಂ?" ಎಂದು ಫೋನ್ ಮಾಡಿ ಕೇಳಿದರು. ಎದುರಿಗೆ ಮಾತಾಡುವುದು ನನಗೆ ಅಷ್ಟಾಗಿ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲಿಗೆ ಗಿರಿಜಾ ಮೇಡಂ ಬಗ್ಗೆ. ಗುಣಮಟ್ಟ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಊರು ಗುಬ್ಬಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಯಾವಾಗಲೂ ಒಂದು ಛತ್ರಿ. ಲ್ಯಾಬಿಗೆ ಬರುವವರು ಮಲ್ಲಿಗೆ ಮುಡಿಯಬಾರದು, ತಲೆಗೆ ಎಣ್ಣೆ ಹಚ್ಚಬಾರದು, ಬೆಳಗಿನ ತಿಂಡಿಗೆ ಈರುಳ್ಳಿ ತಿನ್ನಬಾರದು. ಒಂದು ದಿನ ನಾನು ಮರೆತು ಹೂ ಮುಡಿದು ಹೋಗಿದ್ದೆ. "ಮದುವೆ ಮನೆ ಮುಂದಿನ ಸ್ಟಾಪಮ್ಮ. ಇಲ್ಯಾಕ್ ಇಳಿದೆ?" ಎಂದು ಕೇಳಿ ಬಾಗಿಲಲ್ಲೇ ನಿಲ್ಲಿಸಿದರು. ಹೂ ತೆಗೆದು ಕಾವಲುಗಾರರ ಮೇಜಿನ ಮೇಲಿಟ್ಟು ಬಂದ ಮೇಲೂ ಊಟದ ಹೊತ್ತಿನವರೆಗೆ ಯಾವ ಲೋಟವನ್ನೂ ಮುಟ್ಟಲು ಬಿಡಲಿಲ್ಲ. ಆ ದಿನ ನನಗೆ ಅವಮಾನವಾಗಿತ್ತು. ಆದರೆ ಆಮೇಲಿನ ವರ್ಷಗಳಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮುಡಿದದ್ದು ಮಲ್ಲಿಗೆಯೋ ಕಾಕಡವೋ ಎಂದು ಕಣ್ಣು ಮುಚ್ಚಿಕೊಂಡು ಹೇಳುವಷ್ಟು ನನ್ನ ಮೂಗು ಪಳಗಿತು. ಅದು ಅವರು ಕೊಟ್ಟಿದ್ದು.

ಕಾರ್ಖಾನೆಯ ಒಡೆಯರು ಶಾಂತವೀರಪ್ಪನವರು. ಎಲ್ಲರೂ ಯಜಮಾನರು ಎನ್ನುತ್ತಿದ್ದೆವು. ಅವರ ತಂದೆ ಯಡಿಯೂರಿನಲ್ಲಿ ಯಾತ್ರಿಕರಿಗೆ ಪಾನಕ ಮಾಡಿ ಮಾರುತ್ತಿದ್ದರಂತೆ. ಕಾರ್ಖಾನೆ ಅದರಿಂದಲೇ ಬೆಳೆದದ್ದು. ನಾನು ಸೇರಿದ ಹೊಸತರಲ್ಲಿ ಪ್ರತಿ ಶುಕ್ರವಾರ ಅವರು ಬೆಳಿಗ್ಗೆ ಪೂಜೆ ಮಾಡಿ ಇಡೀ ಕಟ್ಟಡಕ್ಕೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದರು. ಶುಕ್ರವಾರದ ನನ್ನ ಎಲ್ಲ ವರದಿಗಳಲ್ಲೂ 'ಸ್ವಲ್ಪ ಹೊಗೆ ವಾಸನೆ' ಎಂದು ಬರುತ್ತಿತ್ತು. ಕಾಯಿಸುವ ಪಾತ್ರೆ ಸೀಯುತ್ತಿದೆ ಎಂದು ನಂಬಿ ನಾನು ಎರಡು ತಿಂಗಳು ಪಾತ್ರೆ ಉಜ್ಜಿಸಿದೆ. ಕೊನೆಗೆ ಗೊತ್ತಾಗಿ, ಧೈರ್ಯ ಮಾಡಿ ಯಜಮಾನರ ಕೋಣೆಗೆ ಹೋಗಿ ಹೇಳಿದೆ. ಅವರು, "ದೇವರಿಗೆ ಸಾಯಂಕಾಲವೂ ಮೂಗಿರುತ್ತಲ್ಲಮ್ಮ," ಎಂದರು. ಮುಂದಿನ ವಾರದಿಂದ ಪೂಜೆ ಸಂಜೆಗೆ ಹೋಯಿತು. ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುವ ನನ್ನ ಸಹಪಾಠಿಗಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಕೆಲಸದ ಕ್ರಮ ನನ್ನ ಕಣ್ಣೆದುರಿಗೇ ಬದಲಾಯಿತು. ನಾನು ಬಂದಾಗ ನಿಂಬೆಯ ಪರಿಮಳಕ್ಕೆ ಸಿಪ್ಪೆಯೊಂದೇ ದಾರಿ. ಕಾರ್ಖಾನೆಯ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಹತ್ತು ಹದಿನಾಲ್ಕು ಹೆಂಗಸರು ಕೂತು, ಬಿಳಿ ತೊಗಟೆ ತಾಗದಂತೆ ಹಸಿರು ಸಿಪ್ಪೆಯನ್ನು ಮಾತ್ರ ಸಣ್ಣ ಚಾಕುವಿನಿಂದ ಎತ್ತುತ್ತಿದ್ದರು. ಸಿಪ್ಪೆಯನ್ನು ಸಕ್ಕರೆಯಲ್ಲಿ ಮುಚ್ಚಿಟ್ಟರೆ ಸಕ್ಕರೆ ಎಣ್ಣೆಯನ್ನು ಎಳೆದುಕೊಂಡು ತಾನೇ ಒದ್ದೆಯಾಗುತ್ತದೆ. ಆಮೇಲೆ ಡಬ್ಬಿಯಲ್ಲಿ ಎಸೆನ್ಸ್ ಬಂತು. ಒಂದು ಮುಚ್ಚಳ ಹಾಕಿದರೆ ಒಂದು ಗೋಣಿ ಸಿಪ್ಪೆಯ ಕೆಲಸ. ಸ್ಕ್ವಾಷ್ ಎಸೆನ್ಸಿಗೆ ಹೋಯಿತು, ಶರಬತ್ತೂ ಹೋಯಿತು. ಸಿಪ್ಪೆ ಕೋಣೆಗೆ ವಾರದಲ್ಲಿ ಎರಡು ದಿನದ ಕೆಲಸ ಮಾತ್ರ ಉಳಿಯಿತು.

ಆ ಹೊತ್ತಿಗೆ ಗಿಮ್ಲೆಟ್ ಬಂತು.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹೊಸ ಹೋಟೆಲೊಂದು ಶುರುವಾಗಿತ್ತು. ಅದೇ ಕಂಪನಿಯ ಹೋಟೆಲುಗಳು ಬೇರೆ ಊರುಗಳಲ್ಲೂ ಇದ್ದವು. ಅದರ ಬಾರ್ ಮ್ಯಾನೇಜರ್ ನವೀನ್, ಕುಣಿಗಲ್ಲಿನವರು, ಕೆಲವು ವರ್ಷ ಪ್ರವಾಸಿ ಹಡಗಿನಲ್ಲಿ ಕೆಲಸ ಮಾಡಿ ಬಂದವರು, ನಮ್ಮಲ್ಲಿಗೆ ಬಂದು ಗಿಮ್ಲೆಟ್ಟಿಗೆ ನಿಂಬೆ ಕಾರ್ಡಿಯಲ್ ಮಾಡಿಕೊಡುತ್ತೀರಾ ಎಂದು ಕೇಳಿದರು. ಜಿನ್ ಮತ್ತು ನಿಂಬೆ ಕಾರ್ಡಿಯಲ್ ಸೇರಿಸಿ ಮಾಡುವ ಪಾನೀಯ ಗಿಮ್ಲೆಟ್. ಬೆಂಗಳೂರಿನ ಅವರ ಮುಖ್ಯ ಅಧಿಕಾರಿ ಒಪ್ಪಿದರೆ ಎಲ್ಲ ಹೋಟೆಲುಗಳಿಗೂ ನಮ್ಮದೇ. ಆದರೆ ಎಸೆನ್ಸ್ ಇರಬಾರದು, ನಿಜವಾದ ಸಿಪ್ಪೆಯೇ ಆಗಬೇಕು.

ಯಜಮಾನರು ಗಿರಿಜಾ ಮೇಡಮ್ಮನ್ನೂ ನನ್ನನ್ನೂ ಕರೆದು ಕೂರಿಸಿದರು. "ನಾವು ಮಾರೋದು ನಿಂಬೆರಸ. ಕೊಂಡೋರು ಅದಕ್ಕೇನು ಬೆರೆಸ್ಕೋತಾರೋ ಅವರಿಷ್ಟ. ಆದ್ರೆ ನಮ್ಮ ಗೇಟಿನೊಳಗೆ ಅದರ ಒಂದು ಹನಿ ಬರಕೂಡದು," ಎಂದರು. ಆಮೇಲೆ, "ಈ ಆರ್ಡರ್ ಕುದುರಿದ್ರೆ ಸಿಪ್ಪೆ ಕೋಣೆ ಉಳಿಯುತ್ತೆ ಗಿರಿಜಮ್ಮ. ಇಲ್ದಿದ್ರೆ ಯುಗಾದಿ ಹೊತ್ತಿಗೆ ಮುಚ್ಬೇಕಾಗುತ್ತೆ. ನಂಗೂ ಮನಸ್ಸಿಲ್ಲ," ಎಂದರು.

ವಿಷಯ ನಮಗಿಂತ ಮುಂಚೆ ಸಿಪ್ಪೆ ಕೋಣೆಗೆ ತಲುಪಿತ್ತು. ಅಲ್ಲಿನ ಹಿರಿಯಳು ಪುಟ್ಟತಾಯಮ್ಮ. ಆ ಹೆಂಗಸರಲ್ಲಿ ಹೆಚ್ಚಿನವರು ಗುಬ್ಬಿ ಕಡೆಯವರು, ಬೆಳಗಿನ ರೈಲಿನಲ್ಲಿ ತುಮಕೂರಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತಿದ್ದರು. ನಾನು ಬಾಗಿಲಲ್ಲಿ ಕಾಣಿಸಿದೊಡನೆ ಪುಟ್ಟತಾಯಮ್ಮ ಚಾಕು ನಿಲ್ಲಿಸದೆ, "ಏನ್ ಶೈಲಮ್ಮೋರೆ, ಕುಡಿಯೋರಿಗೆ ನಮ್ ನಿಂಬೆಹಣ್ ರುಚಿ ಹತ್ತುತ್ತಾ? ನಮ್ಮನೇವ್ರು ಉಪ್ಪಿನಕಾಯಿ ನೆಕ್ಕೊಂಡೇ ಮುಗಿಸ್ತವ್ರೆ," ಎಂದಳು. ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಮೆಲ್ಲಗೆ, "ಹೆಂಗಾರ ಮಾಡಿ ಒಪ್ಪಿಸ್ಬುಡಿ. ಈ ವಯಸ್ಸಲ್ಲಿ ಗಾರ್ಮೆಂಟ್ಸ್‌ನೋರು ನಮ್ಮನ್ನ ತಗೋಳಲ್ಲ," ಎಂದಳು.

ಮೊದಲ ಮಾದರಿಯನ್ನು ಬಹಳ ಶ್ರದ್ಧೆಯಿಂದ ಮಾಡಿದೆವು. ಒಂದು ಪಾಲು ಕಾರ್ಡಿಯಲ್ಲಿಗೆ ಐದು ಪಾಲು ತಣ್ಣೀರು ಬೆರೆಸಿ ಎಲ್ಲರೂ ರುಚಿ ನೋಡಿದೆವು. ಯಜಮಾನರು ಒಂದು ಚಿಟಿಕೆ ಏಲಕ್ಕಿ ಇದ್ದರೆ ರುಚಿ ಎತ್ತಿಕೊಡುತ್ತದೆ ಎಂದರು. ಗಿರಿಜಾ ಮೇಡಂ ಹುಳಿ ತುಸು ಇಳಿಸು ಎಂದರು. ಲೆಕ್ಕದ ವಿಭಾಗದವರೂ ಬಂದು ಎರಡೆರಡು ಲೋಟ ಕುಡಿದು ಹೋದರು. ಅಷ್ಟು ಚೆನ್ನಾಗಿತ್ತು. ನಾನು ಬಾಟಲಿಗೆ ಚೀಟಿ ಅಂಟಿಸಿ ಹೋಟೆಲಿಗೆ ಕಳಿಸಿದೆ.

ಮಾರನೆಯ ದಿನ ನವೀನ್ ಫೋನ್ ಮಾಡಿದರು. "ಮೇಡಂ, ಪಾನಕ ತುಂಬಾ ಚೆನ್ನಾಗಿದೆ. ರಾಮನವಮಿ ಇನ್ನೂ ದೂರ ಐತಲ್ಲ, ಈಗ್ಲೇ ಯಾಕ್ ಕಳ್ಸಿದ್ರಿ?"

"ಅದು ಪಾನಕ ಅಲ್ಲ. ನೀವು ಕೇಳಿದ ಕಾರ್ಡಿಯಲ್," ಎಂದೆ.

"ಹೌದಾ? ಜಿನ್ ಜೊತೆ ನೋಡಿದ್ರಾ?"

"ನಾನು ನೋಡಿಲ್ಲ," ಎಂದೆ.

"ಯಾರಾದ್ರೂ ನೋಡಿದ್ರಾ ಮೇಡಂ?"

"ಇಲ್ಲ."

"ಒಬ್ರೂ?"

"ಒಬ್ಬರೂ ಇಲ್ಲ."

ಆ ಕಡೆ ನವೀನ್ ಕೆಮ್ಮಿದರು. ನಗು ತಡೆದುಕೊಳ್ಳುತ್ತಿದ್ದರು ಎಂದು ಈಗ ಅನ್ನಿಸುತ್ತದೆ. "ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ. ಬಾರ್ ತೆಗ್ಯೋದು ಹನ್ನೊಂದಕ್ಕೆ. ಯಾರೂ ಇರಲ್ಲ," ಎಂದರು.

ಈ ಕೆಲಸಕ್ಕೆ ಬರುವವರು ಇದನ್ನು ನೆನಪಿಡಬೇಕು: ವಸ್ತುವನ್ನು ಯಾರು ಹೇಗೆ ಬಳಸುತ್ತಾರೋ ಹಾಗೇ ರುಚಿ ನೋಡಬೇಕು. ಆದರೆ ನಮ್ಮ ಕಾರ್ಖಾನೆಯಲ್ಲಿ ಆ ಮಾತು ಯಾರಿಗೂ ಹೊಳೆಯಲಿಲ್ಲ. ಕುಡಿಯದವರೆಲ್ಲ ಸೇರಿ, ಕುಡಿಯುವವರಿಗಾಗಿ, ನಮಗೆ ಹಿತವಾದದ್ದನ್ನು ಮಾಡಿದ್ದೆವು.

ಮನೆಯಲ್ಲಿ ಅಮ್ಮನಿಗೆ ಹೇಳಿಯೇ ಹೋಗಬೇಕಿತ್ತು. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರೇ. ಅಮ್ಮ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ವಿಷಯ ಹೇಳಿದೆ.

"ನುಂಗ್ತೀಯಾ?" ಎಂದು ಕೇಳಿದರು.

"ಇಲ್ಲ. ಬಾಯಲ್ಲಿಟ್ಟು ಉಗುಳ್ತೀನಿ."

"ಟೀ ತೋಟದಲ್ಲೂ ಹಂಗೇ ಮಾಡ್ತಾರಂತೆ, ಟೀವೀಲಿ ತೋರಿಸಿದ್ರು," ಎಂದರು. ಒಂದು ಕಾಯಿ ಬಿಡಿಸಿ, "ಉಗುಳೋಕೆ ಮನೆಯಿಂದ್ಲೇ ಒಂದು ಚೊಂಬು ತಗೊಂಡ್ ಹೋಗು. ಅವ್ರ ಪಾತ್ರೇಲಿ ಯಾಕೆ?" ಎಂದರು. ಹಾಗಾಗಿ ನನ್ನ ಚೀಲದಲ್ಲಿ ಒಂದು ಸ್ಟೀಲ್ ಚೊಂಬು ಸೇರಿತು.

ಬೆಳಗಿನ ಬಾರು ನಾನು ಅಂದುಕೊಂಡ ಹಾಗಿರಲಿಲ್ಲ. ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿದ್ದವು. ನೆಲ ಒರೆಸಿದ ಫಿನೈಲ್ ವಾಸನೆ ನಮ್ಮ ಕೆಲಸಕ್ಕೆ ಶತ್ರು. ನವೀನ್ ಅದನ್ನು ನಾನು ಹೇಳುವ ಮುಂಚೆಯೇ ಗಮನಿಸಿ, ನಾಳೆಯಿಂದ ಬರೀ ಬಿಸಿನೀರಲ್ಲಿ ಒರೆಸಿ ಎಂದು ಕೆಲಸದವರಿಗೆ ಹೇಳಿದರು. ಮೊದಲು ಬರೀ ಜಿನ್ ಮೂಸಿ ನೋಡಿದೆ. ಅದರ ಮುಖ್ಯ ಪರಿಮಳ ಜೂನಿಪರ್ ಎಂಬ ಸಣ್ಣ ಕಾಯಿಯದು. ನನಗೆ ಅದು ಹೊಸದೆನಿಸಲಿಲ್ಲ. ಮರದ ಅಂಟಿನ, ಧೂಪದ ಹತ್ತಿರದ ವಾಸನೆ. ಆಮೇಲೆ ನಮ್ಮ ಕಾರ್ಡಿಯಲ್ ಬೆರೆಸಿ, ಮಂಜುಗಡ್ಡೆ ಹಾಕಿ ಕುಲುಕಿ, ಸೋಸಿ ಕೊಟ್ಟರು. ಏಲಕ್ಕಿ ಮುಂದೆ ಬಂದು ಕೆಮ್ಮಿನ ಔಷಧಿಯಂತಾಗಿತ್ತು. ಹುಳಿ ಎಲ್ಲಿಯೂ ಇರಲಿಲ್ಲ. ನೀರಿನಲ್ಲಿ ಅಷ್ಟು ಚೆಂದವಿದ್ದ ಸಿಪ್ಪೆಯ ಪರಿಮಳ ಮದ್ಯದಲ್ಲಿ ಕರಗಿ ಮಾಯವಾಗಿತ್ತು.

ಚೊಂಬಿಗೆ ಉಗುಳಿ, "ಏಲಕ್ಕಿ ತೆಗೀತೀವಿ. ಹುಳಿ ಹೆಚ್ಚಿಸ್ತೀವಿ," ಎಂದೆ.

"ನಿಮ್ಮ ಯಜಮಾನ್ರಿಗೆ ಬೇಜಾರಾಗಲ್ವಾ? ಏಲಕ್ಕಿ ಅವ್ರದೇ ಐಡಿಯಾ ಅಂದ್ರಿ."

"ಆಗಲ್ಲ," ಎಂದೆ. ಆಗಲೂ ಇಲ್ಲ.

ಹಾಗೆ ವಾರಕ್ಕೆ ಮೂರು ಬೆಳಿಗ್ಗೆ ಹೋಗತೊಡಗಿದೆ. ಲ್ಯಾಬಿಗೆ ತಡವಾಗಿ ಬರುವ ನನ್ನನ್ನು ಕಂಡರೆ ಪುಟ್ಟತಾಯಮ್ಮ, "ಬಂದ್ರಾ ಬಾರಿಂದ? ತೂರಾಡ್ದೆ ಒಳೀಕ್ ಬನ್ನಿ," ಎನ್ನುತ್ತಿದ್ದಳು. ಗೇಟಿನ ಕಾವಲುಗಾರರು ನನ್ನ ಚೀಲ ತೆಗೆಸಿ ನೋಡಿ, ಖಾಲಿ ಚೊಂಬು ಕಂಡು, ಮುಖ ಆಚೆ ತಿರುಗಿಸಿ ನಗುತ್ತಿದ್ದರು. ಯಜಮಾನರ ನಿಯಮವನ್ನು ನಾವು ಒಮ್ಮೆಯೂ ಮೀರಲಿಲ್ಲ. ಲ್ಯಾಬಿನಲ್ಲಿ ಮಾಡುವುದು, ಬಾರಿನಲ್ಲಿ ನೋಡುವುದು, ಮತ್ತೆ ಬಂದು ಸರಿಮಾಡುವುದು. ತಡವಾಗುತ್ತಿತ್ತು. ಆದರೆ ನಡುವೆ ಬಸ್ಸಿನಲ್ಲಿ ಕೂತು ಯೋಚಿಸಲು ಸಿಗುತ್ತಿದ್ದ ಸಮಯ ಲಾಭವೇ ಆಯಿತು.

ಗಿಮ್ಲೆಟ್ ಹುಟ್ಟಿದ್ದು ಹೇಗೆಂದು ನವೀನ್ ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ತಿಂಗಳುಗಟ್ಟಲೆ ಸಮುದ್ರದ ಮೇಲಿರುತ್ತಿದ್ದ ಇಂಗ್ಲಿಷ್ ನಾವಿಕರಿಗೆ ತಾಜಾ ಹಣ್ಣು, ತರಕಾರಿ ಸಿಗದೆ ವಸಡಿನಲ್ಲಿ ರಕ್ತ ಬರುವ ಸ್ಕರ್ವಿ ರೋಗ ಬರುತ್ತಿತ್ತು. ಅದಕ್ಕೆ ಹುಳಿಹಣ್ಣಿನ ರಸ ಔಷಧಿ. ರಸ ಕೆಡದಿರಲೆಂದು ಮೊದಲು ಅದಕ್ಕೆ ಮದ್ಯವನ್ನೇ ಬೆರೆಸಿಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ಯವಿಲ್ಲದೆ ಸಕ್ಕರೆಯಿಂದ ಕಾಪಾಡುವ ಕ್ರಮ ಬಂತು. ಅದೇ ಕಾರ್ಡಿಯಲ್. ಸಾಮಾನ್ಯ ನಾವಿಕರ ಪಾಲಿಗೆ ರಮ್ ಇತ್ತು, ಅಧಿಕಾರಿಗಳು ಜಿನ್ ಕುಡಿಯುತ್ತಿದ್ದರು. ಔಷಧಿಯನ್ನು ಜಿನ್ನಿನಲ್ಲಿ ಬೆರೆಸಿ ನುಂಗಿದ್ದೇ ಗಿಮ್ಲೆಟ್ ಆಯಿತು ಎನ್ನುತ್ತಾರೆ. ಹೆಸರಿನ ಬಗ್ಗೆ ಎರಡು ಕಥೆಗಳಿವೆ. ನೌಕಾಪಡೆಯ ಒಬ್ಬ ವೈದ್ಯರ ಹೆಸರಿನಿಂದ ಬಂತು ಎಂಬುದು ಒಂದು. ಪೀಪಾಯಿಗೆ ತೂತು ಕೊರೆಯುವ ಸಣ್ಣ ಕೈಬೈರಿಗೆಯ ಹೆಸರು ಅದು ಎಂಬುದು ಇನ್ನೊಂದು. ಎರಡಕ್ಕೂ ಗಟ್ಟಿ ಆಧಾರ ನನಗೆ ಸಿಕ್ಕಿಲ್ಲ. ಯಾರಾದರೂ ಕೇಳಿದರೆ ಎರಡನ್ನೂ ಹೇಳಿ ಸುಮ್ಮನಾಗಿ.

ಅಳತೆಯ ವಿಷಯದಲ್ಲಿ ಇನ್ನೂ ಹೆಚ್ಚು ಜಗಳ. ನವೀನ್ ತಮಗೆ ಕೆಲಸ ಕಲಿಸಿದ ರಾಯಪ್ಪನವರ ಹತ್ತಿರ ನನ್ನನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದರು. ರಾಯಪ್ಪನವರು ಬೆಂಗಳೂರಿನ ಹಳೆಯ ಕ್ಲಬ್ಬೊಂದರ ಬಾರಿನಲ್ಲಿ ಆಯುಷ್ಯವೆಲ್ಲ ದುಡಿದು ಊರಿಗೆ ಬಂದವರು. ಮನೆ ದೊಡ್ಡ ಕೆರೆಯ ಹತ್ತಿರ. ಅವರ ಹೆಂಡತಿ ಕಾಫಿ ಕೊಟ್ಟರು. ಹಳೆಯ ಪುಸ್ತಕಗಳಲ್ಲಿ ಜಿನ್ ಅರ್ಧ, ಕಾರ್ಡಿಯಲ್ ಅರ್ಧ ಎಂದಿದೆಯಲ್ಲ, ಅದು ನಿಜವೇ ಎಂದು ಕೇಳಿದೆ.

"ನಿಜಾನೇ. ನಮ್ಮ ಕ್ಲಬ್ಬಲ್ಲಿ ವಯಸ್ಸಾದ ಕರ್ನಲ್‌ಗಳು ಹಂಗೇ ಕುಡೀತಿದ್ರು. ಅವ್ರಿಗೆ ಹಲ್ಲು ಹೋಗಿತ್ತಲ್ಲ, ಎಷ್ಟು ಸಿಹಿಯಾದ್ರೂ ಭಯ ಇರ್ಲಿಲ್ಲ," ಎಂದರು. "ಮಿಕ್ಕೋರಿಗೆ ನಾನು ಜಿನ್ ಮೂರಕ್ಕೆ ಕಾರ್ಡಿಯಲ್ ಒಂದು ಹಾಕ್ತಿದ್ದೆ. ಬೇಸಿಗೇಲಿ ಮೇಲೊಂದಿಷ್ಟು ಸೋಡಾ."

"ಈಗ ತುಂಬಾ ಜನ ತಾಜಾ ನಿಂಬೆ ಹಿಂಡಿ, ಸಕ್ಕರೆಪಾಕ ಹಾಕಿ ಮಾಡ್ತಾರಂತೆ?"

"ಅದು ಗಿಮ್ಲೆಟ್ ಅಲ್ಲಮ್ಮ. ಜಿನ್ ಬಿದ್ದಿರೋ ಶರಬತ್ತು."

ನವೀನ್ ತಡೆಯಲಾರದೆ, "ಗುರುಗಳೇ, ಈಗ ಪ್ರಪಂಚ ಎಲ್ಲಾ ತಾಜಾನೇ. ನಾನಂತೂ ಕಾಮಕಸ್ತೂರಿ ಎಲೆ ಜಜ್ಜಿ ಹಾಕ್ತೀನಿ, ಜನ ಮುಗಿಬೀಳ್ತಾರೆ," ಎಂದರು.

"ಹಾಕಪ್ಪ, ಹಾಕು. ದವನಾನೂ ಹಾಕು, ಮರುಗಾನೂ ಹಾಕು. ಒಂದು ಹಾರ ಮಾಡಿ ಗ್ಲಾಸಿಗೇ ಹಾಕ್ಬುಡು," ಎಂದರು ರಾಯಪ್ಪನವರು. ಅವರ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು. ವಾಪಸು ಬರುವಾಗ ಬಸ್ಸಿನಲ್ಲಿ ನವೀನ್ ಕುಣಿಗಲ್ ದಾಟುವವರೆಗೂ ಮುಖ ಊದಿಸಿಕೊಂಡಿದ್ದರು. ಆಮೇಲೆ, "ಮೂರಕ್ಕೆ ಒಂದು ಅಂದ್ರಲ್ಲ, ಅದೇ ಇಟ್ಕೊಳ್ಳೋಣ ಮೇಡಂ. ಮುದುಕ ಸರಿಯಾಗೇ ಹೇಳವ್ನೆ," ಎಂದರು. ಜಿನ್ ಬದಲು ವೋಡ್ಕಾ ಹಾಕುವವರೂ ಇದ್ದಾರೆ. ಅದಕ್ಕೆ ಇಬ್ಬರೂ ಒಂದೇ ಮಾತು ಹೇಳಿದರು: ನಿಂಬೆಗೆ ಎದುರು ನಿಲ್ಲುವ ವಾಸನೆಯೇ ಅದರಲ್ಲಿಲ್ಲ.

ಕಾರ್ಡಿಯಲ್ ನಿಧಾನವಾಗಿ ದಾರಿಗೆ ಬರುತ್ತಿತ್ತು. ಬೆಂಗಳೂರಿನ ಅಧಿಕಾರಿ ಬರುವ ದಿನ ಗೊತ್ತಾಯಿತು. ಮೂರು ವಾರ ಉಳಿದಿತ್ತು. ಆಗ ನನಗೆ ಜ್ವರ ಬಂತು. ಎಲ್ಲರಿಗೂ ಬರುವಂಥ ಜ್ವರ, ಐದಾರು ದಿನ ಮಲಗಿ ಎದ್ದೆ. ಎದ್ದ ಮೇಲೆ ಬಾರಿಗೆ ಹೋದೆ. ನವೀನ್ ಲೋಟ ಕೊಟ್ಟರು. ಮೂಸಿದೆ. ಬಾಯಲ್ಲಿಟ್ಟೆ. ತಂಪು ತಿಳಿಯಿತು, ಗಂಟಲ ಹತ್ತಿರ ಉರಿ ತಿಳಿಯಿತು.

"ಜಿನ್ ಹಾಕೋದು ಮರೆತ್ರಾ?" ಎಂದು ಕೇಳಿದೆ.

"ಹಾಕಿದೀನಲ್ಲ ಮೇಡಂ."

ನಿಂಬೆಹಣ್ಣು ಕೊಡಿ ಎಂದೆ. ಉಗುರಿನಿಂದ ಸಿಪ್ಪೆ ಗೀರಿ ಮೂಗಿಗೆ ಹಿಡಿದೆ. ಒದ್ದೆ ಮಾತ್ರ ತಿಳಿಯಿತು. ನವೀನ್ ಒಂದು ಕುರ್ಚಿ ಇಳಿಸಿ ನೆಟ್ಟಗೆ ಇಟ್ಟರು. ಕೂತೆ.

ವೈದ್ಯರು, ವಾಸನೆ ತಿಳಿಯುವ ಶಕ್ತಿ ಮತ್ತೆ ಬರಬಹುದು, ಬರದೆಯೂ ಇರಬಹುದು, ಎಷ್ಟು ಕಾಲವೆಂದು ಹೇಳಲಾಗದು ಎಂದರು. ನಾನು ನೇರವಾಗಿ ಗಿರಿಜಾ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. "ನಾಲಿಗೆ?" ಎಂದು ಕೇಳಿದರು.

"ಹುಳಿ, ಸಿಹಿ, ಕಹಿ ಗೊತ್ತಾಗುತ್ತೆ. ಪರಿಮಳ ಏನೂ ಇಲ್ಲ."

"ಮೂಗು ನನಗೆ ಇದೆ," ಎಂದರು. ಆ ಮಾತಿನ ಅರ್ಥ ಅವರು ಬಾರಿಗೆ ಬರಬೇಕು ಎಂಬುದು. ಅದು ಇಬ್ಬರಿಗೂ ತಿಳಿದಿತ್ತು. "ಬರೋ ಮಂಗಳವಾರ ಬರ್ತೀನಿ. ಸೋಮವಾರ ಆಗಲ್ಲ. ಬಾಯಿಗೆ ಹಾಕಲ್ಲ, ಈಗ್ಲೇ ಹೇಳಿದೀನಿ."

"ಬೇಡ ಮೇಡಂ. ಮೂಗು ಸಾಕು."

ಮಂಗಳವಾರ ಹೋಟೆಲಿನ ಮೆಟ್ಟಿಲ ಮುಂದೆ ಅವರು ಒಂದು ಕ್ಷಣ ನಿಂತು ಛತ್ರಿ ಮಡಚಿದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಒಳಗೆ ಬಂದು ಬಾಗಿಲಿಗೆ ಮುಖ ಮಾಡಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತರು. ಮನೆಗೆ ಬಂದ ಬೀಗಿತ್ತಿಯನ್ನು ಕಂಡವರಂತೆ ನವೀನ್ ಗಡಿಬಿಡಿಗೊಂಡರು.

"ಟೀ ತರಿಸ್ಲಾ ಮೇಡಂ?"

"ಟೀ ವಾಸನೆ ಬರುತ್ತೆ. ಬೇಡ. ನೀವು ಹಾಕ್ಕೊಂಡಿರೋ ಸೆಂಟೂ ಬೇಡಾಗಿತ್ತು."

ನವೀನ್ ಹೋಗಿ ಕುತ್ತಿಗೆ ತೊಳೆದುಕೊಂಡು ಬಂದರು. ಒಂದೇ ಗಿಮ್ಲೆಟ್ಟನ್ನು ಎರಡು ಲೋಟಕ್ಕೆ ಹಾಕಿ ಇಬ್ಬರ ಮುಂದಿಟ್ಟರು. ಗಿರಿಜಾ ಮೇಡಂ ಸೆರಗಿನಿಂದ ಕೈ ಒರೆಸಿಕೊಂಡು, ಲೋಟವನ್ನು ಗಲ್ಲದ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ನಾನು ಬಾಯಲ್ಲಿಟ್ಟುಕೊಂಡೆ.

"ಮೇಲ್ಗಡೆ ನಿಂಬೆ ಇದೆ," ಎಂದರು ಅವರು. "ಕೆಳಗಡೆ ಈ ಜಿನ್ನಿಂದು, ಧೂಪದ ಥರ. ಎರಡರ ಮಧ್ಯ ಜಾಗ ಖಾಲಿ ಬಿದ್ದಿದೆ."

ನಾನು ಚೊಂಬಿಗೆ ಉಗುಳಿ, "ಹುಳಿ ಸರಿ. ಸಿಹಿ ಸರಿ. ಕೊನೇಲಿ ಹಿಡ್ಕೊಳ್ಳೋಕೆ ಕಹಿ ಇಲ್ಲ," ಎಂದೆ.

ನವೀನ್ ಇಬ್ಬರನ್ನೂ ನೋಡಿ, "ಇಬ್ರೂ ಸೇರಿದ್ರೆ ಒಬ್ರು," ಎಂದರು. ಗಿರಿಜಾ ಮೇಡಂ ಅವರನ್ನು ದುರುಗುಟ್ಟಿ ನೋಡಿದರು. ಆದರೆ ಅಂದಿನಿಂದ ನಾವು ಕೆಲಸ ಮಾಡಿದ್ದು ಹಾಗೆಯೇ. ಅವರು ಮೂಗು, ನಾನು ನಾಲಿಗೆ. ಅವರು ಹೇಳುವ ವಾಸನೆಯನ್ನು ನಾನು ನೆನಪಿನಲ್ಲಿ ಮೂಸುತ್ತಿದ್ದೆ. ನಾನು ಹೇಳುವ ರುಚಿಯನ್ನು ಅವರು ಊಹಿಸಿಕೊಳ್ಳುತ್ತಿದ್ದರು. ಎಂಟು ವರ್ಷ ಒಂದೇ ಲ್ಯಾಬಿನಲ್ಲಿದ್ದು ಆಡದಷ್ಟು ಮಾತನ್ನು ಆ ಎರಡು ವಾರದಲ್ಲಿ ಆಡಿದೆವು. ಎಲ್ಲವೂ ನಿಂಬೆಯ ಬಗ್ಗೆಯೇ.

ಆ ಖಾಲಿ ಜಾಗಕ್ಕೆ ಮೊದಲು ಗಜನಿಂಬೆಯ ಸಿಪ್ಪೆ ಹಾಕಿದೆ. ವಾಸನೆ ತುಂಬಿತು, ಕಹಿ ಬರಲಿಲ್ಲ. ನಿಂಬೆಯ ಬಿಳಿ ತೊಗಟೆಯನ್ನೂ ಸೇರಿಸಿದೆ. ಕಹಿ ಬಂತು, ವಾಸನೆ ಹಸಿಯಾಯಿತು ಎಂದರು ಮೇಡಂ. ಎರಡೂ ಒಟ್ಟಿಗೆ ಇರುವ ಹಣ್ಣು ಬೇಕಿತ್ತು. ಭಾನುವಾರ ಗುಬ್ಬಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದ ಮೇಡಂ ಸೋಮವಾರ ಬ್ಯಾಗಿನಿಂದ ದಪ್ಪ ಸಿಪ್ಪೆಯ ಮೂರು ಹೇರಳೆಕಾಯಿ ತೆಗೆದು ನನ್ನ ಮೇಜಿನ ಮೇಲೆ ಉರುಳಿಸಿದರು. "ನಿನ್ನೆ ಮಧ್ಯಾಹ್ನ ಹೇರಳೆ ಚಿತ್ರಾನ್ನ ತಿಂತಾ ಇದ್ದೆ. ಕಹಿ ನಾಲಿಗೆ ಕೊನೇಲಿ ನಿಂತ್ಕೊಳ್ತು. ನೀನು ಹೇಳಿದ್ದು ಇದೇನಾ ನೋಡು," ಎಂದರು.

ಅದೇ ಆಗಿತ್ತು. ಹತ್ತು ಪಾಲು ನಿಂಬೆಸಿಪ್ಪೆಗೆ ಒಂದು ಪಾಲು ಹೇರಳೆಸಿಪ್ಪೆ. ಸಿಪ್ಪೆ ಕೋಣೆಯಲ್ಲಿ ಪುಟ್ಟತಾಯಮ್ಮ ಒಂದು ಹೇರಳೆಕಾಯಿ ತಿರುವಿ ನೋಡಿ, "ಇದೇನ್ ಎಮ್ಮೆ ಚರ್ಮ ಇದ್ದಂಗದೆ. ಚಾಕು ಸಾಕಾಗಕಿಲ್ಲ, ಮಚ್ಚು ಕೊಡ್ಸಿ," ಎಂದಳು. ಸಂಜೆಯೊಳಗೆ ಎಲ್ಲವನ್ನೂ ಸುಲಿದು ಮುಗಿಸಿದರು.

ಬೆಂಗಳೂರಿನ ಅಧಿಕಾರಿ ಬಂದ ದಿನ ನಾವು ಮೂಲೆಯ ಮೇಜಿನಲ್ಲಿ ಕೂತಿದ್ದೆವು. ಅವರು ಹೆಚ್ಚು ಮಾತಿನವರಲ್ಲ. ಬೇರೆ ಎರಡು ಕಂಪನಿಗಳ ಕಾರ್ಡಿಯಲ್‌ಗಳೂ ಇದ್ದವು. ಬಾಟಲಿಗಳ ಹೆಸರು ಮುಚ್ಚಿ, ನವೀನ್ ಮೂರನ್ನೂ ಒಂದೇ ಅಳತೆಯಲ್ಲಿ ಮಾಡಿ ಇಟ್ಟರು. ಅಧಿಕಾರಿ ಮೊದಲನೆಯದನ್ನು ಒಂದು ಗುಟುಕು ಕುಡಿದು ದೂರವಿಟ್ಟರು. ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ಕುಡಿದು ಕಿಟಕಿಯಾಚೆ ನೋಡಿದರು. ಆಮೇಲೆ ಮತ್ತೆ ಕುಡಿದರು. ಫೋನ್ ಬಂದಾಗ ಎದ್ದು ಹೋಗುತ್ತಾ ಆ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಹೋದರು. ಗಿರಿಜಾ ಮೇಡಂ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಿದ್ದರು. ಅಧಿಕಾರಿ ವಾಪಸು ಬಂದು ಖಾಲಿ ಲೋಟ ಇಟ್ಟು, "ಈ ಮೂರನೇದು ಯಾರ್ದು? ವರ್ಷ ಪೂರ್ತಿ ಕೊಡೋಕಾಗುತ್ತಾ?" ಎಂದು ಕೇಳಿದರು.

"ಆಗುತ್ತೆ," ಎಂದರು ಗಿರಿಜಾ ಮೇಡಂ. ಹೇರಳೆಕಾಯಿ ವರ್ಷ ಪೂರ್ತಿ ಬಿಡುವುದಿಲ್ಲ. ಸಿಪ್ಪೆಯನ್ನು ಸಕ್ಕರೆಯಲ್ಲಿ ಶೇಖರಿಸಿಡುವ ಬಗೆಯನ್ನು ಅವರು ಆ ಗಳಿಗೆಯಲ್ಲೇ ಯೋಚಿಸಿ ಮುಗಿಸಿದ್ದರಂತೆ.

ಮಧ್ಯಾಹ್ನ ಯಜಮಾನರು ತಾವೇ ಸಿಪ್ಪೆ ಕೋಣೆಯ ಬಾಗಿಲಿಗೆ ಹೋದರು. ಚಾಕುಗಳು ನಿಂತವು. "ಮುಂದಿನ ವಾರದಿಂದ ಆರೂ ದಿನ ಕೆಲಸ. ಹೇರಳೆಕಾಯಿ ಲೋಡು ಬರುತ್ತೆ," ಎಂದಷ್ಟೇ ಹೇಳಿದರು. ಅವರು ತಿರುಗಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ಪುಟ್ಟತಾಯಮ್ಮನ ಧ್ವನಿ ಕೇಳಿತು: "ಹಂಗಾದ್ರೆ ಮಚ್ಚು ಕೊಡ್ಸಲೇಬೇಕು ಯಜಮಾನ್ರೇ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಿಂಬೆರಸ ಸಿಡಿಯಿತು ಎಂದು ನನಗೆ ಹೇಳಿದಳು.

ಸಂಜೆ ನಾನು ಯಜಮಾನರಿಗೆ ಕೆಲಸ ಬಿಡುತ್ತೇನೆ ಎಂದೆ. ಬೇರೆ ವಿಭಾಗದಲ್ಲಿ ಇರಮ್ಮ ಎಂದು ಅವರು ಬಹಳ ಹೇಳಿದರು. ಆ ಮಾತಿಗೆ ನಾನು ಋಣಿ. ಆದರೆ ಪರಿಮಳದ ನಡುವೆ ಅದು ತಿಳಿಯದೆ ದಿನವಿಡೀ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಗಿರಿಜಾ ಮೇಡಂ ಗೇಟಿನವರೆಗೆ ಬಂದರು. "ಬಿಟ್ಟೆ ಅಂತ ಯಾರಿಗೂ ಹೇಳ್ಬೇಡ. ರಿಟೈರ್ ಆದೆ ಅನ್ನು," ಎಂದರು. ಹೊಸ ಕಾರ್ಡಿಯಲ್ಲಿನ ಒಂದು ಬಾಟಲಿಯನ್ನು ನನ್ನ ಚೀಲಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆ ಹೋಗಬೇಕಾದ ಕಡೆ ಯಾವುದೂ ಇರಲಿಲ್ಲ. ಬಾಟಲಿ ತೆಗೆದು, ಒಂದು ಲೋಟ ನೀರಿಗೆ ಬೆರೆಸಿ ಅಮ್ಮನಿಗೆ ಕೊಟ್ಟೆ. ಅಮ್ಮ ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದರು.

"ಏನು ಗೊತ್ತಾಗುತ್ತಮ್ಮ, ಹೇಳು," ಎಂದೆ.

"ಕಹಿ ಕಣೇ. ಯಾರು ಕುಡೀತಾರೆ ಇದನ್ನ?" ಎಂದರು. ಮತ್ತೆ ಲೋಟವನ್ನು ಮೂಗಿನ ಹತ್ತಿರ ಹಿಡಿದರು. "ಆದ್ರೆ ಘಮ ಚೆನ್ನಾಗಿದೆ. ಮಳೆ ನಿಂತ ಮೇಲೆ ಹೇರಳೆ ಗಿಡದ ಕೆಳಗೆ ಹೋದ್ರೆ ಬರುತ್ತಲ್ಲ, ಹಂಗೆ. ಎಲೆ ಉಜ್ಜಿದಾಗ ಕೈಗೆ ಹತ್ತುತ್ತಲ್ಲ, ಅದೂ ಇದೆ."

"ಇನ್ನೂ ಹೇಳು," ಎಂದೆ. ಅಮ್ಮ ಕಣ್ಣು ಮುಚ್ಚಿ ಮೂಸಿದರು. ನಾನು ಎದುರಿಗೆ ಕೂತು ಕೇಳಿಸಿಕೊಂಡೆ.